ಹಳೇ ಸ್ಕೂಟರಿನ ಎಂಜಿನ್: ಸುತ್ತಿಗೆಗಿಂತ ಲೆಕ್ಕ ಮೇಲು

ಮಲೆನಾಡಿನ ಮನೆಗಳ ಕೊಟ್ಟಿಗೆಯಲ್ಲೋ ಸೌದೆಮನೆಯಲ್ಲೋ ಗೋಣಿಚೀಲ ಹೊದ್ದು ನಿಂತ ಹಳೆಯ ಬಜಾಜ್ ಸ್ಕೂಟರ್ ಕಣ್ಣಿಗೆ ಬೀಳುವುದುಂಟು. ಶೃಂಗೇರಿಯಿಂದ ಕೆರೆಕಟ್ಟೆಗೆ ಹೋಗುವ ದಾರಿಯಲ್ಲಿ ಸಿಗುವ ನೆಮ್ಮಾರ್‌ನಂಥ ಊರುಗಳಲ್ಲಿ ಮನೆಯಿಂದ ಮನೆಗೆ ದೂರ, ಪೇಟೆಗೆ ಇನ್ನೂ ದೂರ. ಬಸ್ಸು ತಪ್ಪಿದರೆ ದಿನವೇ ತಪ್ಪಿದಂತೆ ಎನ್ನುವ ಕಾಲದಲ್ಲಿ ದಿನಸಿ, ಗೊಬ್ಬರ, ಶಾಲೆಯ ಮಕ್ಕಳು ಎಲ್ಲವನ್ನೂ ಹೊತ್ತದ್ದು ಇಂಥ ಸ್ಕೂಟರುಗಳೇ. ಮಲೆನಾಡಿನ ಮಳೆಗಾಲದ ತೇವಕ್ಕೆ ಬೇರಿಂಗ್ ತುಕ್ಕು ಹಿಡಿದು ಎಂಜಿನ್ ನಿಂತಾಗ ಅದನ್ನು ಗುಜರಿಗೆ ಹಾಕಬೇಕೇ, ಬಿಚ್ಚಿ ಸರಿಪಡಿಸಬೇಕೇ? ಉತ್ತರವಿರುವುದು ಸ್ಕೂಟರಿನ ವಯಸ್ಸಿನಲ್ಲಿ ಅಲ್ಲ, ಅದನ್ನು ಬಿಚ್ಚುವವರ ಕೈಯಲ್ಲಿರುವ ಉಪಕರಣದಲ್ಲಿ.

ಈ ಸ್ಕೂಟರಿನ ಮೂಲ ಇಟಲಿ. 1946ರಲ್ಲಿ ಪಿಯಾಜಿಯೊ ಕಂಪನಿ ವೆಸ್ಪಾ ಸ್ಕೂಟರನ್ನು ಹೊರತಂದಿತು. ಅದನ್ನು ರೂಪಿಸಿದ ಕೊರಾದಿನೊ ದಾಸ್ಕಾನಿಯೊ ಹೆಲಿಕಾಪ್ಟರುಗಳ ವಿನ್ಯಾಸದಲ್ಲಿ ಪಳಗಿದ್ದ ಎಂಜಿನಿಯರ್. 1960ರ ದಶಕದಲ್ಲಿ ಬಜಾಜ್ ಆಟೋ ಪಿಯಾಜಿಯೊದ ಪರವಾನಗಿ ಪಡೆದು ಪುಣೆಯಲ್ಲಿ ವೆಸ್ಪಾ ತಯಾರಿಸಿತು. 1971ರಲ್ಲಿ ಆ ಒಪ್ಪಂದ ಮುಗಿಯಿತು. 1972ರಲ್ಲಿ ಚೇತಕ್ ಬಂತು. ಹಣ ಕಟ್ಟಿ ವರ್ಷಗಟ್ಟಲೆ ಕಾದು ಜನ ಅದನ್ನು ಕೊಂಡರು. 2009ರ ಡಿಸೆಂಬರಿನಲ್ಲಿ ಕಂಪನಿ ಸ್ಕೂಟರ್ ತಯಾರಿಕೆಯಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. 2020ರಲ್ಲಿ ಚೇತಕ್ ಹೆಸರು ಮರಳಿ ಬಂದದ್ದು ಬ್ಯಾಟರಿ ಸ್ಕೂಟರಿಗೆ.

ಒಳಗಿನ ಸೂಕ್ಷ್ಮ

ಹಳೆಯ ಚೇತಕ್‌ನದು ಎರಡು ಸ್ಟ್ರೋಕಿನ ಎಂಜಿನ್. ಸಿಲಿಂಡರಿನ ವ್ಯಾಸ 57 ಮಿ.ಮೀ., ಪಿಸ್ಟನ್ ಚಲಿಸುವ ದೂರವೂ 57 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ಬಲ್ಲ ವಿದ್ಯಾರ್ಥಿಗಳು ಲೆಕ್ಕ ಹಾಕಲಿ: 145.45 ಘನ ಸೆಂಟಿಮೀಟರ್ ಬರುತ್ತದೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಬರುವ ರಂಧ್ರವನ್ನು ತೆರೆದು ಮುಚ್ಚಲು ಇದರಲ್ಲಿ ಬೇರೆ ಕವಾಟವಿಲ್ಲ. ತಿರುಗುವ ಕ್ರ್ಯಾಂಕ್‌ನ ತಟ್ಟೆಯೇ ಆ ಕೆಲಸ ಮಾಡುತ್ತದೆ. ತಟ್ಟೆಗೂ ಅಲ್ಯೂಮಿನಿಯಂ ಕವಚಕ್ಕೂ ನಡುವೆ ಇರುವುದು ಕೂದಲೆಳೆಯಷ್ಟು ಅಂತರ. ಅಲ್ಲಿ ಉಳಿಯ ಒಂದು ಗೀರು ಬಿದ್ದರೂ ಮಿಶ್ರಣ ಸೋರಿ ಎಂಜಿನ್ ಸೊರಗುತ್ತದೆ.

ಕ್ರ್ಯಾಂಕ್ ಕೂಡ ಒಂದೇ ತುಂಡಲ್ಲ. ಎರಡು ತಟ್ಟೆಗಳನ್ನು ಒಂದು ಪಿನ್ನಿನ ಮೇಲೆ ಒತ್ತಿ ಕೂರಿಸಿ ಮಾಡಿದ್ದು. ಫ್ಲೈವೀಲ್ ಬಿಚ್ಚಲೆಂದು ಅದರ ತುದಿಗೆ ಸುತ್ತಿಗೆಯಿಂದ ಹೊಡೆದರೆ ತಟ್ಟೆಗಳು ತುಸು ಸರಿದು ಓರೆಯಾಗುತ್ತವೆ. ಕಣ್ಣಿಗೆ ಕಾಣದ ಆ ಓರೆ, ಎಂಜಿನ್ ಓಡತೊಡಗಿದಾಗ ನಡುಕವಾಗಿ ಹೊಸ ಬೇರಿಂಗನ್ನೂ ತಿನ್ನುತ್ತದೆ. ಐದು ನಿಮಿಷದ ಅವಸರ ಇಡೀ ರಿಪೇರಿಯನ್ನು ಹಾಳು ಮಾಡುವುದು ಹೀಗೆ.

ತಿರುಪಿನ ಬಲ

ಫ್ಲೈವೀಲ್ ಕೂತಿರುವುದು ಶಂಕುವಿನಂತೆ ಚೂಪಾಗುತ್ತ ಹೋಗುವ ತುದಿಯ ಮೇಲೆ. ನಟ್ ಬಿಗಿದಷ್ಟೂ ಅದು ಕಚ್ಚಿಕೊಳ್ಳುತ್ತದೆ. ಇದಕ್ಕಿರುವ ಉಪಕರಣ ಪುಲ್ಲರ್. ಅದರ ಹೊರಭಾಗ ಫ್ಲೈವೀಲ್‌ನ ನಡುವಿನ ಥ್ರೆಡ್‌ಗೆ ಸೇರುತ್ತದೆ, ನಡುವಿನ ಬೋಲ್ಟು ಕ್ರ್ಯಾಂಕ್‌ನ ತುದಿಯನ್ನು ಒತ್ತುತ್ತದೆ. ಬೋಲ್ಟಿನ ಒಂದು ಸುತ್ತಿಗೆ 1.5 ಮಿ.ಮೀ. ಮುನ್ನಡೆ, ಸ್ಪ್ಯಾನರಿನ ಉದ್ದ 20 ಸೆಂ.ಮೀ. ಎಂದಿಟ್ಟುಕೊಳ್ಳಿ. ಕೈ ಸುತ್ತುವ ದೂರ ಸುಮಾರು 1257 ಮಿ.ಮೀ. ಅದನ್ನು 1.5ರಿಂದ ಭಾಗಿಸಿದರೆ ಬಲ 838 ಪಟ್ಟು! ಘರ್ಷಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಳೆದುಹೋದರೂ, ಕೈಯ 10 ಕೆ.ಜಿ. ಒತ್ತಡ 800 ಕೆ.ಜಿ.ಗೂ ಹೆಚ್ಚಾಗುತ್ತದೆ. ಈ ಬಲ ಹೊಡೆತವಾಗಿ ಬೀಳದೆ ನಿಧಾನವಾಗಿ, ನೇರವಾಗಿ ಎಳೆಯುವುದರಿಂದ ಚಕ್ರ ಸೀಳದೆ ಕೈಗೆ ಬರುತ್ತದೆ.

ಕ್ಲಚ್ಚಿನದು ಇನ್ನೊಂದು ಕಥೆ. ಅದರ ನಟ್ ಸಾಮಾನ್ಯ ಆರು ಮೂಲೆಯದಲ್ಲ. ಕೋಟೆಯ ತೆನೆಗಳಂತೆ ಸೀಳುಗಳಿರುವಂಥದ್ದು. ಅದೇ ಆಕಾರದ ಹಲ್ಲುಗಳಿರುವ ಸಾಕೆಟ್ ಬೇಕು. ಸ್ಕ್ರೂಡ್ರೈವರ್ ಇಟ್ಟು ಬಡಿದರೆ ತೆನೆಗಳು ಮುರಿದು ಚೂರು ಎಂಜಿನ್ ಒಳಗೆ ಉಳಿಯಬಹುದು.

ಬಿಸಿಯ ಉಪಾಯ

ಹೊಸ ಬೇರಿಂಗನ್ನು ಬಡಿದು ಕೂರಿಸುವ ಬದಲು ಕವಚವನ್ನು ಬಿಸಿ ಮಾಡುವುದು ಜಾಣತನ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅಲ್ಯೂಮಿನಿಯಂ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗುತ್ತದೆ, ಉಕ್ಕು ಸುಮಾರು 12 ಪಾಲು. 50 ಮಿ.ಮೀ. ಅಗಲದ ರಂಧ್ರ 80 ಡಿಗ್ರಿ ಹೆಚ್ಚು ಬಿಸಿಯಾದರೆ 0.09 ಮಿ.ಮೀ.ನಷ್ಟು ಹಿಗ್ಗುತ್ತದೆ. ಬೇರಿಂಗ್ ತಣ್ಣಗಿದ್ದರೆ ಅದು ಪೆಟ್ಟಿಲ್ಲದೆ ಒಳಗಿಳಿಯಲು ಅಷ್ಟು ಸಾಕು. ತಣಿದ ಮೇಲೆ ಕವಚವೇ ಅದನ್ನು ಹಿಡಿದುಕೊಳ್ಳುತ್ತದೆ. ಆದರೆ ಬಿಸಿ ಮಾಡುವ ಮುನ್ನ ಪೆಟ್ರೋಲ್, ಎಣ್ಣೆಯ ಕುರುಹೂ ಇಲ್ಲದಂತೆ ತೊಳೆದು ಒಣಗಿಸಬೇಕು. ಹಿರಿಯರು ಜತೆಗಿಲ್ಲದೆ ಮಕ್ಕಳು ಇದಕ್ಕೆ ಕೈಹಾಕಬಾರದು.

ಸಿಲಿಂಡರ್ ಸವೆದಿದೆಯೇ ಎಂದು ಬೆರಳಿನಿಂದ ಸವರಿ ಹೇಳಲಾಗದು. ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಮಿಲಿಮೀಟರಿನ ನೂರನೇ ಒಂದು ಪಾಲನ್ನೂ ತೋರಿಸುತ್ತವೆ. ಅಂತರ ಕಡಿಮೆಯಾದರೆ ಬಿಸಿಗೆ ಹಿಗ್ಗಿದ ಪಿಸ್ಟನ್ ಘಾಟಿ ಏರುವಾಗ ಸಿಲಿಂಡರಿಗೆ ಕಚ್ಚಿ ಚಕ್ರವೇ ನಿಂತುಬಿಡಬಹುದು. ಸವಾರನ ಪ್ರಾಣಕ್ಕೆ ಸಂಬಂಧಿಸಿದ ಅಳತೆ ಇದು.

ಮೈಸೂರಿನ ಪಾಠ

ನಮ್ಮ ನಾಡಿನಲ್ಲೇ ಇದಕ್ಕೆ ನಿದರ್ಶನವಿದೆ. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಜಾವಾ, ನಂತರ ಯೆಜ್ಡಿ ಮೋಟಾರ್ ಸೈಕಲ್ ತಯಾರಿಸಿ 1996ರಲ್ಲಿ ಮುಚ್ಚಿತು. ಕಾರ್ಖಾನೆಯ ಗೇಟು ಮುಚ್ಚಿದರೂ ಆ ಬೈಕುಗಳು ರಸ್ತೆಯಿಂದ ಮರೆಯಾಗಲಿಲ್ಲ. ಅವುಗಳ ಮರ್ಮ ತಿಳಿದ ಮೆಕ್ಯಾನಿಕರು ಉಳಿದರು. ಸಿಗದ ಉಪಕರಣವನ್ನು ಲೇತ್‌ನಲ್ಲಿ ಅಳತೆ ಕೊಟ್ಟು ಮಾಡಿಸುವ ರೂಢಿಯೂ ಉಳಿಯಿತು.

ಹಳೆಯ ವಾಹನವನ್ನು ಉಳಿಸಿಕೊಳ್ಳುವವರು ಕಾನೂನನ್ನೂ ಮರೆಯುವಂತಿಲ್ಲ. ನೋಂದಣಿಗೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಉರಿಸುವ ಎಂಜಿನ್ ಆದ್ದರಿಂದ ಹೊಗೆಯ ಪರೀಕ್ಷೆಯೂ ಆಗಬೇಕು.

ಮನೆಯ ಸ್ಕೂಟರ್ ರಿಪೇರಿಗೆ ಹೋದಾಗ ತಂದೆತಾಯಿಯರು ಮಕ್ಕಳನ್ನೂ ಗ್ಯಾರೇಜಿಗೆ ಕರೆದೊಯ್ದರೆ ಒಳ್ಳೆಯದು. ಕೈಗೆ ಎಣ್ಣೆ ಅಂಟೀತೆಂದು ಅಂಜಬೇಕಿಲ್ಲ. ತಿರುಪು, ಘರ್ಷಣೆ, ಉಷ್ಣ ವಿಸ್ತರಣೆ ಪರೀಕ್ಷೆಗೆ ಬಾಯಿಪಾಠ ಮಾಡುವ ಪದಗಳಷ್ಟೇ ಅಲ್ಲವೆಂದು ಪುಲ್ಲರಿನ ಬೋಲ್ಟ್ ತಿರುಗಿಸಿ, ಫ್ಲೈವೀಲ್ 'ಟಕ್' ಎಂದು ಸಡಿಲವಾದ ಕ್ಷಣದಲ್ಲಿ ಅವರಿಗೇ ತಿಳಿಯುತ್ತದೆ.