ಎರಡಾಣೆಯ ಮರ್ಯಾದೆ

ಸಂಜೆ ಏಳಾದರೂ ಬ್ಯಾಂಕಿನ ಶಾಖೆಯಲ್ಲಿ ದೀಪ ಆರಿಲ್ಲ. ಶಟರ್ ಅರ್ಧ ಇಳಿದಿದೆ, ಒಳಗೆ ನಾಲ್ಕೈದು ಜನ ಲೆಡ್ಜರುಗಳ ಮೇಲೆ ಬಗ್ಗಿದ್ದಾರೆ. ಲೆಕ್ಕ 27 ರೂಪಾಯಿ ವ್ಯತ್ಯಾಸಕ್ಕೆ ನಿಂತಿದೆ. ‘ಒಂಬತ್ತರಿಂದ ಭಾಗ ಹೋಗ್ತದಲ್ಲ ಮಾರಾಯ್ರೆ, ಎಲ್ಲೋ ಅಂಕಿ ತಿರುಗಿದೆ’ ಎನ್ನುತ್ತಾರೆ ಹಿರಿಯರೊಬ್ಬರು. 63 ಬರೆಯುವಲ್ಲಿ 36 ಬರೆದರೆ ಬರುವ ವ್ಯತ್ಯಾಸ 27. ಅಂಕಿ ಹೀಗೆ ಅದಲುಬದಲಾದಾಗಲೆಲ್ಲ ವ್ಯತ್ಯಾಸ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. ಅದಲ್ಲದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತದ ವೋಚರ್ ಹುಡುಕಬೇಕು; ಕ್ರೆಡಿಟ್ ಆಗಬೇಕಿದ್ದದ್ದು ಡೆಬಿಟ್ ಕಡೆ ಬಿದ್ದಿರುತ್ತದೆ. ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕು ಸೇರಿದವರಿಗೆ ಈ ವಿದ್ಯೆಯನ್ನು ಪಕ್ಕದ ಕುರ್ಚಿಯವರೇ ಕಲಿಸಿದ್ದು. ಇಪ್ಪತ್ತೇಳು ರೂಪಾಯಿಯನ್ನು ಕೈಯಿಂದ ಹಾಕಿ ಮನೆಗೆ ಹೋಗೋಣ ಎಂದರೆ ಯಾರೂ ಒಪ್ಪುತ್ತಿರಲಿಲ್ಲ. ಅದು ಯಾರದೋ ಖಾತೆಯ ದುಡ್ಡು.

ಸಣ್ಣ ಮೊತ್ತದ ಮೇಲಿನ ಈ ಗೌರವವನ್ನೇ ಬುನಾದಿಯಾಗಿಸಿಕೊಂಡು ಬೆಳೆದದ್ದು ಸಿಂಡಿಕೇಟ್ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ನ ಬಂಡವಾಳ 8,000 ರೂಪಾಯಿ. ಕಷ್ಟದಲ್ಲಿದ್ದ ಕರಾವಳಿಯ ಕೈಮಗ್ಗದ ನೇಕಾರರಿಗೆ ನೆರವಾಗುವುದು ಉದ್ದೇಶ. 1928ರಲ್ಲಿ ಪಿಗ್ಮಿ ಶುರುವಾಯಿತು: ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ಅದನ್ನು ಪಡೆಯಲು ಬ್ಯಾಂಕಿನ ಮನುಷ್ಯ ಮನೆ ಬಾಗಿಲಿಗೇ ಬರುತ್ತಾನೆ. ಮೀನು ಮಾರುವವರು, ಬೀಡಿ ಕಟ್ಟುವವರು, ಗೂಡಂಗಡಿಯವರು ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಕಾಲದಲ್ಲಿ ಬ್ಯಾಂಕೇ ಮೆಟ್ಟಿಲಿಳಿದು ಬಂತು.

ಈ ಸಂಸ್ಥೆಯ ಕತೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಆ ಪಿಗ್ಮಿ ಸಂಗ್ರಾಹಕರು. ಮಳೆಗಾಲದಲ್ಲೂ ಕೊಡೆ ಹಿಡಿದು, ಹೆಗಲಿಗೆ ಚೀಲ ಹಾಕಿ, ಯಾವ ಅಂಗಡಿಯಲ್ಲಿ ಯಾವ ಹೊತ್ತಿಗೆ ಕೈಯಲ್ಲಿ ಚಿಲ್ಲರೆ ಇರುತ್ತದೆಂದು ತಿಳಿದು ಅಲೆದವರು. ಮಗಳ ಮದುವೆ ಯಾವಾಗ, ಯಾರ ಮನೆಯಲ್ಲಿ ಕಾಯಿಲೆ ಎಂಬುದೆಲ್ಲ ಅವರಿಗೆ ಗೊತ್ತು. ಜನರ ಮಟ್ಟಿಗೆ ಅವರೇ ಬ್ಯಾಂಕು. ಆದರೆ ಬ್ಯಾಂಕಿನ ಮಟ್ಟಿಗೆ ಅವರು ಕಮಿಷನ್ ಪಡೆಯುವ ಏಜೆಂಟರು, ನೌಕರರಲ್ಲ. ಇನ್ನೊಬ್ಬರ ಎರಡಾಣೆಯನ್ನು ಲೆಕ್ಕಕ್ಕೆ ಸೇರಿಸುತ್ತಿದ್ದವರೇ ಹಾಜರಿ ಪುಸ್ತಕದಿಂದ ಹೊರಗಿದ್ದರು. ವಿವಾದ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. 1988ರ ತೀರ್ಪು, ಕಮಿಷನ್ನಿನ ಜೊತೆಗೆ ತಿಂಗಳಿಗೆ ಇಷ್ಟೆಂಬ ಖಾತ್ರಿ ಸಂಬಳ ಮತ್ತು ಗ್ರಾಚ್ಯುಯಿಟಿ ಕೊಡಬೇಕೆಂದಿತು. ಬ್ಯಾಂಕುಗಳು ಮೇಲ್ಮನವಿ ಹೋದವು. ಸಂಗ್ರಾಹಕರೂ ಕಾನೂನಿನ ಕಣ್ಣಿನಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2001 ಬಂದಿತ್ತು. ನೌಕರರನ್ನು ಮನೆಯವರಂತೆ ಕಂಡ ಬ್ಯಾಂಕು ಎಂಬ ಮಾತು ಕೇಳಿದಾಗಲೆಲ್ಲ ಹಜಾರದ ಹೊರಗೆ ಕಾದು ನಿಂತಿದ್ದ ಇವರು ನೆನಪಾಗುತ್ತಾರೆ.

ಒಳಗಿದ್ದವರ ಬದುಕಿಗೂ ತನ್ನದೇ ಆದ ಬೆಲೆಯಿತ್ತು. ಖಜಾನೆಗೆ ಎರಡು ಬೀಗದ ಕೈ, ಒಂದು ಕ್ಯಾಷಿಯರ್ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಒಬ್ಬರೇ ತೆರೆಯುವಂತಿಲ್ಲ. ಹಾಗಾಗಿ ಅಜ್ಜಿಯ ಉತ್ತರಕ್ರಿಯೆಗೆ ಹೊರಟರೂ ಮೊದಲು ಕೀಲಿಯನ್ನು ಬರೆದುಕೊಟ್ಟು ಹೋಗಬೇಕು. ನಗದು ಕಡಿಮೆ ಬಿದ್ದರೆ ಕ್ಯಾಷಿಯರ್ ಜೇಬಿನಿಂದ ತುಂಬಬೇಕು. ಸಂಬಳದ ದಿನವೇ ಸಾವಿರ ರೂಪಾಯಿ ಕಳೆದುಕೊಂಡು ಮನೆಗೆ ಬಂದವರ ಮುಖವನ್ನು ಬ್ಯಾಂಕಿನವರ ಮನೆಮಕ್ಕಳು ಮರೆಯಲಾರರು.

ಇನ್ನು ವರ್ಗಾವಣೆ. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ಆಮೇಲೆ ಶಾಖೆಗಳು ದೇಶದ ಉದ್ದಗಲಕ್ಕೆ ಹಬ್ಬಿದವು. ಗುಮಾಸ್ತರು ಅಧಿಕಾರಿಯಾದರೆ ಊರು ಬಿಡಬೇಕು. ಕುಂದಾಪುರದಲ್ಲಿ ಅಮ್ಮನ ಕೈಯಡುಗೆ ಉಂಡವರು ಉತ್ತರಪ್ರದೇಶದ ಹಳ್ಳಿಯೊಂದರಲ್ಲಿ ಸ್ಟವ್ ಹಚ್ಚಿ ಗಂಜಿ ಬೇಯಿಸಿದರು, ಹಿಂದಿ ಕಲಿತರು, ಅಲ್ಲಿಯ ರೈತರಿಗೆ ಸಾಲದ ಅರ್ಜಿ ತುಂಬಿಕೊಟ್ಟರು. ‘ಪ್ರಮೋಷನ್ ಬೇಡ’ ಎಂದು ಬರೆದುಕೊಟ್ಟವರೂ ಕಡಿಮೆಯಿಲ್ಲ, ಅವರಲ್ಲಿ ಹೆಂಗಸರೇ ಹೆಚ್ಚು. ಬೆಂಗಳೂರಿನ ಶೇಷಾದ್ರಿಪುರದಲ್ಲಿ 1962ರಲ್ಲೇ ಪೂರ್ತಿ ಮಹಿಳೆಯರೇ ನಡೆಸುವ ಶಾಖೆ ತೆರೆದ ಬ್ಯಾಂಕು ಇದು. ಬಾಗಿಲು ಅಷ್ಟು ಬೇಗ ತೆರೆದಿತ್ತು. ಮೇಲಿನ ಮೆಟ್ಟಿಲು ಮಾತ್ರ ಮಕ್ಕಳ ಶಾಲೆ, ಅತ್ತೆಯ ಆರೋಗ್ಯದ ಮುಂದೆ ಸೋಲುತ್ತಿತ್ತು. ಆ ಸಹಿಗಳ ಹಿಂದೆ ಉಳಿದುಹೋದ ಸಾಮರ್ಥ್ಯವನ್ನು ಯಾವ ಲೆಡ್ಜರೂ ಬರೆದಿಟ್ಟಿಲ್ಲ.

ಕೋರ್ ಬ್ಯಾಂಕಿಂಗ್ ಬಂದು ಲೆಕ್ಕ ತಾನಾಗಿ ಕೂಡತೊಡಗಿತು. ಸಂಜೆಯ ಹುಡುಕಾಟ ನಿಂತಿತು, ವಿಮೆ ಮಾರುವ ಗುರಿ ಬಂತು.

2020ರ ಏಪ್ರಿಲ್ 1ರಂದು ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಲಾಕ್‌ಡೌನ್‌ನಿಂದ ದೇಶವೇ ಬಾಗಿಲು ಹಾಕಿಕೊಂಡಿದ್ದ ವಾರ. ವರ್ಷಗಟ್ಟಲೆ ಒಟ್ಟಿಗೆ ದುಡಿದವರು ಒಂದೆಡೆ ಕುಳಿತು ಒಂದು ಲೋಟ ಕಾಫಿ ಕುಡಿದು ಹಳೆಯ ಹೆಸರನ್ನು ಬೀಳ್ಕೊಡಲೂ ಆಗಲಿಲ್ಲ. ಶಾಖೆಗಳು ಮಾತ್ರ ತೆರೆದಿದ್ದವು. ಎರಡು ದಿನ ಕಳೆಯುವಷ್ಟರಲ್ಲಿ ಜನಧನ್ ಖಾತೆಯ ಹೆಂಗಸರಿಗೆ ಸರ್ಕಾರ ಹಾಕಿದ 500 ರೂಪಾಯಿ ಕೊಡುವ ಕೆಲಸ ಶುರುವಾಯಿತು. ನೆಲದ ಮೇಲೆ ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ಪಾಸ್‌ಬುಕ್ ಹಿಡಿದು ನಿಂತವರು, ಒಳಗೆ ಮಾಸ್ಕ್ ಕಟ್ಟಿ ನೋಟು ಎಣಿಸುವವರು. ಏಪ್ರಿಲ್ 3ರಂದು ಖಾತೆ ಸಂಖ್ಯೆಯ ಕೊನೆಗೆ ಸೊನ್ನೆ ಇಲ್ಲವೇ ಒಂದು ಇದ್ದವರ ಸರದಿ, ಮರುದಿನ ಎರಡು ಮತ್ತು ಮೂರು.