ನಿಮಗಿದು ಗೊತ್ತೆ? ಒಂದೇ ಪಾಸ್, 33 ದೇಶಗಳ ರೈಲು

ಬೇಸಿಗೆಯ ಜನಜಂಗುಳಿ ಕರಗಿದ ಮೇಲೆ ಒಬ್ಬರೇ ಯುರೋಪ್ ಸುತ್ತುವವರಿಗೆ ಖರ್ಚು ಹಗುರ. ಹೊರಡುವ ಮುನ್ನ ಇಷ್ಟು ತಿಳಿದಿರಲಿ.

● ಯುರೋಪಿನ ಹೊರಗಿನವರಿಗಾಗಿ 1959ರಲ್ಲಿ ಬಂದ ಯೂರೇಲ್ ಪಾಸ್ ಇಂದು 33 ದೇಶಗಳಲ್ಲಿ ನಡೆಯುತ್ತದೆ. ನಮ್ಮವರೂ ಕೊಳ್ಳಬೇಕಾದದ್ದು ಇದನ್ನೇ. 27 ವರ್ಷದವರೆಗಿನವರಿಗೆ ಮತ್ತು 60 ದಾಟಿದವರಿಗೆ ರಿಯಾಯಿತಿ ಉಂಟು.

● ಪಾಸ್ ಇದ್ದರೂ ಫ್ರಾನ್ಸಿನ ಟಿಜಿವಿ, ಯೂರೋಸ್ಟಾರ್‌ಗಳಲ್ಲಿ ಸೀಟಿಗೆ ಬೇರೆ ಹಣ ಕಟ್ಟಬೇಕು. ಜರ್ಮನಿ, ಆಸ್ಟ್ರಿಯಾಗಳ ಊರೂರಿಗೆ ನಿಲ್ಲುವ ರೈಲುಗಳಿಗೆ ಆ ರಗಳೆಯಿಲ್ಲ. ಬಂದ ಗಾಡಿ ಹತ್ತಿ ಕೂತರಾಯಿತು.

● ರಾತ್ರಿ ಹೊರಟು ಮರುದಿನ ಬೆಳಿಗ್ಗೆ ತಲುಪುವ ನೇರ ರೈಲಿಗೆ ಪಾಸಿನಲ್ಲಿ ಒಂದೇ ದಿನ ಖರ್ಚಾಗುತ್ತದೆ. ಬರ್ತ್‌ಗೆ ಪ್ರತ್ಯೇಕ ದರ ಕೊಟ್ಟರೂ ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯುತ್ತದೆ. ಆಸ್ಟ್ರಿಯಾದ ನೈಟ್‌ಜೆಟ್ ರೈಲುಗಳಲ್ಲಿ ಮಹಿಳೆಯರಿಗಾಗಿಯೇ ಕಂಪಾರ್ಟ್‌ಮೆಂಟ್ ಇದೆ.

● ಲಕ್ಸೆಂಬರ್ಗ್‌ನಲ್ಲಿ 2020ರ ಫೆಬ್ರವರಿ 29ರಿಂದ ಬಸ್, ಟ್ರಾಮ್, ರೈಲು ಎಲ್ಲವೂ ಉಚಿತ. ಮೊದಲ ದರ್ಜೆಗೆ ಮಾತ್ರ ಟಿಕೆಟ್ ಬೇಕು.

● ವಿಯೆನ್ನಾದಿಂದ ದಕ್ಷಿಣಕ್ಕೆ ಹೊರಟರೆ ಕಿಟಕಿಯಲ್ಲೇ ಸೆಮ್ಮರಿಂಗ್ ಕಣಿವೆ ತೆರೆದುಕೊಳ್ಳುತ್ತದೆ. ಎರಡು ಅಂತಸ್ತಿನ ಕಲ್ಲಿನ ಕಮಾನು ಸೇತುವೆಗಳ ಈ ಮಾರ್ಗ ಪೂರ್ಣಗೊಂಡದ್ದು 1854ರಲ್ಲಿ. 1998ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿ ಸೇರಿತು. ಮರುವರ್ಷವೇ ನಮ್ಮ ಡಾರ್ಜಿಲಿಂಗ್ ಪುಟಾಣಿ ರೈಲಿಗೂ ಅದೇ ಗೌರವ ಸಂದಿತು.

● ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ ಮೂರರ ಒಳಗೇ ಹೊತ್ತು ಮುಳುಗುತ್ತದೆ. ಊರು ನೋಡುವ ಕೆಲಸ ಬೆಳಿಗ್ಗೆಯೇ ಮುಗಿಸಿ, ಕತ್ತಲಾದ ಮೇಲೆ ರೈಲು ಹತ್ತಿ.

● ಷೆಂಗೆನ್ ವೀಸಾದಲ್ಲಿ 180 ದಿನಗಳೊಳಗೆ ಇರಬಹುದಾದದ್ದು ಹೆಚ್ಚೆಂದರೆ 90 ದಿನ.