ಸೂಜಿ ಚುಚ್ಚಿದರೆ ನೋವು ಹೋದೀತೆ?

ಕಾಲಿಗೆ ಮುಳ್ಳು ಚುಚ್ಚಿದರೆ ನೋವಾಗುತ್ತದೆ. ಬೆರಳಿಗೆ ಸೂಜಿ ಚುಚ್ಚಿದರೂ ನೋವಾಗುತ್ತದೆ. ಹಾಗಾದರೆ ಸೂಜಿ ಚುಚ್ಚಿ ನೋವು ಕಡಿಮೆ ಮಾಡುವುದುಂಟೆ? ಉಂಟು. ಅದಕ್ಕೆ ಅಕ್ಯುಪಂಕ್ಚರ್ ಎನ್ನುತ್ತಾರೆ. ಹೆಸರು ಓದಲು ಸ್ವಲ್ಪ ಕಷ್ಟ. ಬಿಡಿಸಿ ಓದೋಣ: ಅಕ್ಯು - ಪಂಕ್ - ಚರ್. ನಾವು ಸೂಜಿ ಚಿಕಿತ್ಸೆ ಎನ್ನೋಣ.

ನಾಟಿ ಹಾಕುವಾಗ ದಿನವಿಡೀ ಬಗ್ಗಿರುತ್ತೇವೆ. ನೀರು ಹೊರುತ್ತೇವೆ. ಸೌದೆ ಹೊರುತ್ತೇವೆ. ಸೊಂಟ ಹಿಡಿಯುತ್ತದೆ, ಮಂಡಿ ನೋಯುತ್ತದೆ, ತಲೆ ಸಿಡಿಯುತ್ತದೆ. ಆಗ ಯಾರೋ "ಸೂಜಿ ಚುಚ್ಚಿಸ್ಕೊಳ್ಳಕ್ಕ, ಎಲ್ಲಾ ಹೋಗುತ್ತೆ" ಅನ್ನುತ್ತಾರೆ. ನಿಜವಾಗಿ ಹೋಗುತ್ತದೆಯೆ? ದುಡ್ಡು ಕೊಡುವ ಮೊದಲು ತಿಳಿದುಕೊಳ್ಳೋಣ.

ಎಲ್ಲಿಂದ ಬಂತು?

ಇದು ಚೀನಾ ದೇಶದ ಚಿಕಿತ್ಸೆ. ಎರಡು ಸಾವಿರ ವರ್ಷಕ್ಕೂ ಹಳೆಯದು.

1938ರಲ್ಲಿ ಚೀನಾದಲ್ಲಿ ಯುದ್ಧ ನಡೆದಿತ್ತು. ಗಾಯಾಳುಗಳ ಆರೈಕೆಗೆ ನಮ್ಮ ದೇಶದಿಂದ ಐದು ಜನ ಡಾಕ್ಟರು ಹೋದರು. ಅವರಲ್ಲಿ ಒಬ್ಬರು ವಿಜಯಪುರ ಜಿಲ್ಲೆಗೆ ಹತ್ತಿರದ ಸೋಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಇನ್ನೊಬ್ಬರು ಡಾ. ಬಿಜೋಯ್ ಕುಮಾರ್ ಬಸು. ಅವರು ಮುಂದೆ ಇನ್ನೊಮ್ಮೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತರು. ಕಲ್ಕತ್ತೆಗೆ ಬಂದು ಜನರಿಗೆ ಮಾಡತೊಡಗಿದರು.

ಹೇಗೆ ಮಾಡುತ್ತಾರೆ?

ಈ ಸೂಜಿ ಬಹಳ ತೆಳು. ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ತೂತು ಇರುವುದಿಲ್ಲ. ಔಷಧಿಯೂ ಇರುವುದಿಲ್ಲ. ಮೈಯ ಕೆಲವು ಜಾಗದಲ್ಲಿ ಸೂಜಿ ಚುಚ್ಚಿ, ಸುಮಾರು 20ರಿಂದ 30 ನಿಮಿಷ ಹಾಗೇ ಬಿಡುತ್ತಾರೆ. ಚುಚ್ಚಿದಲ್ಲಿ ಜುಮ್ ಅನ್ನಬಹುದು, ಭಾರ ಅನ್ನಿಸಬಹುದು. ಒಂದೇ ದಿನಕ್ಕೆ ಮುಗಿಯುವುದಿಲ್ಲ. ಕೆಲವು ವಾರ ಹೋಗಬೇಕಾಗುತ್ತದೆ.

ಹೇಗೆ ಕೆಲಸ ಮಾಡುತ್ತದೆ?

ಹಿಂದಿನ ಚೀನೀಯರು ಹೀಗೆ ಹೇಳುತ್ತಿದ್ದರು: ಮೈಯಲ್ಲಿ 'ಚೀ' ಎಂಬ ಶಕ್ತಿ ಹರಿಯುತ್ತದೆ. ಕಾಲುವೆಯಲ್ಲಿ ನೀರು ಹರಿದ ಹಾಗೆ. ಅದಕ್ಕೆ 12 ಮುಖ್ಯ ದಾರಿಗಳಿವೆ, 361 ಬಿಂದುಗಳಿವೆ. ದಾರಿ ಕಟ್ಟಿಕೊಂಡರೆ ಕಾಯಿಲೆ. ಸೂಜಿ ಅದನ್ನು ಬಿಡಿಸುತ್ತದೆ.

ಆದರೆ ಮೈ ಕೊಯ್ದು ನೋಡಿದ ಡಾಕ್ಟರಿಗೆ ಇಂಥ ದಾರಿ ಕಾಣಲಿಲ್ಲ. ಈಗಿನ ವಿಜ್ಞಾನ ಬೇರೆ ರೀತಿ ಹೇಳುತ್ತದೆ. ಸೂಜಿ ಚುಚ್ಚಿದಾಗ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆಗ ನೋವು ತಗ್ಗಿಸುವ ರಸ ಮೈಯಲ್ಲೇ ಹುಟ್ಟುತ್ತದೆ. ಅದಕ್ಕೆ ಎಂಡಾರ್ಫಿನ್ ಎಂದು ಹೆಸರು.

ಜರ್ಮನಿ ದೇಶದಲ್ಲಿ ಇದನ್ನು ಪರೀಕ್ಷೆ ಮಾಡಿದರು. ಫಲ 2007ರಲ್ಲಿ ಹೊರಬಂತು. ಬಹಳ ಕಾಲದಿಂದ ಸೊಂಟ ನೋವಿದ್ದ 1162 ಜನರನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಚೀನೀಯರು ಹೇಳಿದ ಜಾಗದಲ್ಲೇ ಸೂಜಿ. ಎರಡನೆಯದಕ್ಕೆ ಬೇರೆ ಜಾಗದಲ್ಲಿ, ಮೇಲೆ ಮೇಲೆ ಸೂಜಿ. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮ. ಆರು ತಿಂಗಳಾದ ಮೇಲೆ 100ಕ್ಕೆ ಎಷ್ಟು ಜನರಿಗೆ ಗುಣ ಕಂಡಿತು? ಮೊದಲ ಗುಂಪಿನಲ್ಲಿ ಸುಮಾರು 48, ಎರಡರಲ್ಲಿ 44, ಮೂರರಲ್ಲಿ 27.

ಇದರಿಂದ ಏನು ತಿಳಿಯಿತು? ಸೂಜಿ ಚುಚ್ಚಿಸಿಕೊಂಡ ಎರಡೂ ಗುಂಪಿಗೆ ಹೆಚ್ಚು ಗುಣ ಕಂಡಿತು. ಆದರೆ ಎಲ್ಲಿ ಚುಚ್ಚಿದರೂ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಮಲಗಿ ವಿಶ್ರಾಂತಿ ಪಡೆಯುವುದು, ಒಬ್ಬರು ನಮ್ಮ ಕಷ್ಟ ಕೇಳುವುದು, ಗುಣವಾಗುತ್ತದೆ ಎಂಬ ನಂಬಿಕೆ, ಇವೂ ನೋವು ತಗ್ಗಿಸಲು ನೆರವಾಗುತ್ತವೆ.

ಯಾವುದಕ್ಕೆ ಉಪಯೋಗ?

ಮತ್ತೆ ಮತ್ತೆ ಬರುವ ತಲೆನೋವು, ಅರೆತಲೆ ನೋವು, ಹಳೆಯ ಸೊಂಟ ನೋವು, ಕುತ್ತಿಗೆ ನೋವು, ಮಂಡಿ ನೋವು ಕೆಲವರಿಗೆ ಕಡಿಮೆಯಾಗುತ್ತದೆ. ಆಪರೇಷನ್ ಆದ ಮೇಲೆ ಬರುವ ವಾಕರಿಕೆಗೂ ಉಪಯೋಗವಿದೆ. ವಾಕರಿಕೆಗೆ ಸೂಜಿ ಇಲ್ಲದೆಯೂ ಮಾಡಿ ನೋಡಬಹುದು. ಅಂಗೈ ಮೇಲೆ ಮಾಡಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಳೆಯಿರಿ. ಅಲ್ಲಿ ಎರಡು ಸ್ನಾಯುವಿನ ಹುರಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ.

ಯಾವುದಕ್ಕೆ ಆಗದು?

ಸಕ್ಕರೆ ಕಾಯಿಲೆ, ಬಿ.ಪಿ., ಕ್ಷಯ, ಕ್ಯಾನ್ಸರ್ ಸೂಜಿಯಿಂದ ವಾಸಿಯಾಗುವುದಿಲ್ಲ. "ಮಾತ್ರೆ ಬಿಡಿ, ಸೂಜಿ ಸಾಕು" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕ್ಷಯದ ಮಾತ್ರೆ ನಡುವೆ ಬಿಟ್ಟರೆ ರೋಗ ತಿರುಗಿ ಬರುತ್ತದೆ. ಆಮೇಲೆ ಅದೇ ಮಾತ್ರೆಗೆ ಬಗ್ಗದೆ ಹೋಗಬಹುದು. ಸಕ್ಕರೆ ಮಾತ್ರೆ ಬಿಟ್ಟರೆ ಕಣ್ಣಿಗೆ, ಮೂತ್ರಪಿಂಡಕ್ಕೆ ಕುತ್ತು.

ಎದೆ ನೋವು ಬಂದರೆ ಸೂಜಿಗೆ ಹೋಗಬೇಡಿ. ಬೆನ್ನು ನೋವಿನ ಜೊತೆ ಜ್ವರ ಬಂದರೆ, ಕಾಲಿನ ಬಲ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಕೂಡ ಬೇಡ. ತಡಮಾಡದೆ ಆಸ್ಪತ್ರೆಗೆ ಹೋಗಿ.

ಚುಚ್ಚಿಸಿಕೊಳ್ಳುವ ಮೊದಲು

1. ಮೊದಲು ಡಾಕ್ಟರಿಗೆ ತೋರಿಸಿ. ನೋವಿಗೆ ಕಾರಣ ತಿಳಿಯಲಿ.
2. ಚುಚ್ಚುವವರು ಎಲ್ಲಿ ಕಲಿತರು ಎಂದು ಕೇಳಿ. ಎದೆಯ ಬಳಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ಪೆಟ್ಟಾಗಬಹುದು.
3. ಬಸುರಿಯಾಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ.
4. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಬೇಡ. ಅದರಿಂದ ಕಾಮಾಲೆ, ಎಚ್.ಐ.ವಿ. ಹರಡಬಹುದು. ಹೊಸ ಪೊಟ್ಟಣ ಕಣ್ಣೆದುರೇ ಒಡೆಯಲಿ.

ಆ ಪೊಟ್ಟಣದ ಮೇಲೆ ತಾರೀಖು ಇರುತ್ತದೆ. ಮೊದಲಾದರೆ ಯಾರನ್ನೋ ಕೇಳಬೇಕಿತ್ತು. ಈಗ ನಮಗೇ ಅಂಕಿ ಓದಲು ಬರುತ್ತದೆ. "ಕೊಡಿ, ನೋಡೋಣ" ಎಂದು ಕೈಗೆ ತೆಗೆದುಕೊಂಡು ಓದಿ. ನಾಚಿಕೆ ಬೇಡ ಅಕ್ಕಂದಿರೇ, ಮೈ ನಮ್ಮದು.